ಎರಡಾಣೆಯ ಗ್ರಾಹಕ: ಕರಾವಳಿಯ ಬ್ಯಾಂಕುಗಳು ತೋರಿದ ನಾಯಕತ್ವ



ವ್ಯವಹಾರದಲ್ಲಿ ಶ್ರೇಷ್ಠತೆ ಸಾಧಿಸಲು ಬೇಕಾದ ನಾಯಕತ್ವ ಎಂಥದು ಎಂದು ಈ ದತ್ತಿ ಉಪನ್ಯಾಸದಲ್ಲಿ ಹೇಳುವುದಕ್ಕೆ ನನ್ನನ್ನು ಕರೆದಿದ್ದೀರಿ. ಈ ವಿಷಯದ ಪುಸ್ತಕಗಳು ರೈಲ್ವೆ ಸ್ಟೇಷನ್ನಿನ ಅಂಗಡಿಯಲ್ಲೂ ಸಿಗುತ್ತವೆ. ಏಳು ಸೂತ್ರ, ಹತ್ತು ಗುಣ ಎಂದು ಪಟ್ಟಿ ಕೊಡುವ ಕ್ರಮ ಅವುಗಳದು. ನಾನು ಪಟ್ಟಿ ಕೊಡುವುದಿಲ್ಲ. ಜೀವಮಾನದ ಬಹುಭಾಗವನ್ನು ಬ್ಯಾಂಕಿನ ಕೌಂಟರಿನ ಹಿಂದೆ ಕಳೆದವನು ನಾನು. ನನಗೆ ಗೊತ್ತಿರುವ ಒಂದು ಸೀಮೆಯ, ಒಂದೇ ಉದ್ಯಮದ ಕಥೆಯನ್ನು ನಿಮ್ಮೆದುರು ಬಿಡಿಸಿಡುತ್ತೇನೆ. ನಾಯಕತ್ವದ ಬಗ್ಗೆ ನನ್ನ ನಂಬಿಕೆ ಅದರೊಳಗೇ ಇದೆ.

ಆ ನಂಬಿಕೆ ಏನು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಸಂಸ್ಥೆಯಲ್ಲಿ ದುಡಿಯುವವರ ಶ್ರದ್ಧೆಗೆ, ಸಮಯಕ್ಕೆ, ಬುದ್ಧಿಗೆ ಮಿತಿಯಿದೆ. ಅದು ಎಲ್ಲರಿಗೂ ಸಮನಾಗಿ ಸಲ್ಲುವುದಿಲ್ಲ. ಅದರ ಮೊದಲ ಪಾಲು ಯಾರಿಗೆ ಸಲ್ಲಬೇಕು ಎಂಬುದನ್ನು ನಿಶ್ಚಯಿಸುವವನು ನಾಯಕ. ಅವನು ಭಾಷಣದಲ್ಲಿ ಏನು ಹೇಳುತ್ತಾನೆ ಎನ್ನುವುದಕ್ಕಿಂತ, ಕೌಂಟರಿನ ಆಚೆ ಯಾರು ನಿಂತಾಗ ಅವನ ನೌಕರರು ತಲೆಯೆತ್ತಿ ನೋಡುತ್ತಾರೆ ಎನ್ನುವುದು ಮುಖ್ಯ.

1906ರಿಂದ 1931ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಮಂಗಳೂರು ಮತ್ತು ಉಡುಪಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಐದು ದೇಶಮಟ್ಟಕ್ಕೆ ಬೆಳೆದವು: ಕಾರ್ಪೊರೇಷನ್, ಕೆನರಾ, ಕರ್ಣಾಟಕ, ಸಿಂಡಿಕೇಟ್, ವಿಜಯಾ. ಈ ಎರಡೂ ಊರುಗಳಿದ್ದ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಮಳೆಗಾಲದಲ್ಲಿ ದಾಟಲಾಗದ ಹೊಳೆಗಳು. ಕೈಗಾರಿಕೆ ಎಂದರೆ ಹೆಂಚು ಮತ್ತು ಮಗ್ಗ. ದೊಡ್ಡ ಬಂಡವಾಳಗಾರರು ಹಣ ಹೂಡಲು ಹುಡುಕಿಕೊಂಡು ಬರುವ ಊರುಗಳಲ್ಲ ಇವು. ಹಾಗಿದ್ದೂ 1969ರ ಜುಲೈ 19ರಂದು ಕೇಂದ್ರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಅದರಲ್ಲಿ ಎರಡು ಈ ಜಿಲ್ಲೆಯಲ್ಲಿ ಹುಟ್ಟಿದವು. 1980ರಲ್ಲಿ ಇನ್ನೂ ಆರನ್ನು ತೆಗೆದುಕೊಂಡಾಗ ಅದರಲ್ಲೂ ಎರಡು ಇಲ್ಲಿಯವು. ಒಂದೇ ಜಿಲ್ಲೆಗೆ ಇಷ್ಟು ಪಾಲು ಹೇಗೆ ಬಂತು?

ಹಣ ಇದ್ದದ್ದರಿಂದ ಬರಲಿಲ್ಲ. ಉಡುಪಿಯಲ್ಲಿ 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರರ ಮುಂದಾಳತ್ವದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಮುಗಿಸಿದಾಗ ಬ್ಯಾಂಕಿನಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಮೊತ್ತಕ್ಕಿಂತ, ಅದನ್ನು ಎರಡು ಪೈವರೆಗೆ ಬರೆದಿಟ್ಟರಲ್ಲ, ಅದನ್ನು ಗಮನಿಸಿ. ನೂರು ವರ್ಷ ಕಳೆದ ಮೇಲೂ ಆ ಎರಡು ಪೈ ಬ್ಯಾಂಕಿನ ಚರಿತ್ರೆಯಲ್ಲಿ ಉಳಿದಿತ್ತು. ಸ್ಥಾಪಕರ ಉಡುಪಿಯ ಮನೆಯೇ ಮುಂದೆ ನಾಣ್ಯಗಳ ವಸ್ತುಸಂಗ್ರಹಾಲಯವಾಯಿತು.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಬ್ಯಾಂಕಿಗಿಂತ ಮೊದಲು ಅವರು ಕಟ್ಟಿದ್ದು ಶಾಲೆ. 1891ರಲ್ಲಿ ಕೆನರಾ ಹೈಸ್ಕೂಲು, ಮೂರು ವರ್ಷಗಳ ಬಳಿಕ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆ. ಅವರು ಬ್ಯಾಂಕಿಗೆ ಹಾಕಿಕೊಟ್ಟ ಮೂಲತತ್ತ್ವಗಳಲ್ಲಿ ಮೊದಲು ಬರುವುದು ಅಜ್ಞಾನ, ಮೂಢನಂಬಿಕೆಗಳ ನಿವಾರಣೆ. ಅದಕ್ಕೆ ನೆರವಾಗಲು ವಿದ್ಯೆಯ ಪ್ರಸಾರ, ಅದಾದ ಮೇಲೆ ಉಳಿತಾಯದ ಅಭ್ಯಾಸ. ಲಾಭದ ಮಾತು ಆ ಪಟ್ಟಿಯಲ್ಲಿಲ್ಲ. ಈಗಿನ ಕಂಪನಿಗಳ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿಡುವ ಧ್ಯೇಯವಾಕ್ಯಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಪೈಗಳು ತತ್ತ್ವ ಬರೆಯುವ ಹೊತ್ತಿಗೆ ಅದರಂತೆ ನಡೆದು ಹದಿನೈದು ವರ್ಷಗಳಾಗಿದ್ದವು.

ಬ್ಯಾಂಕು ತೆರೆದ ಮೂರೇ ವರ್ಷಕ್ಕೆ, 1909ರಲ್ಲಿ, ಸುಬ್ಬರಾವ್ ಪೈಗಳು ತೀರಿಕೊಂಡರು. ಫಂಡು ಕೆನರಾ ಬ್ಯಾಂಕ್ ಲಿಮಿಟೆಡ್ ಆಗಿದ್ದು ಮರುವರ್ಷ. ಸ್ಥಾಪಕ ಇಷ್ಟು ಬೇಗ ಹೋದರೂ ಸಂಸ್ಥೆ ನಿಂತಿತು. ನಾಯಕತ್ವದ ಪಾಠಗಳಲ್ಲಿ ಉತ್ತರಾಧಿಕಾರದ ಬಗ್ಗೆ ದೊಡ್ಡ ಅಧ್ಯಾಯಗಳೇ ಇರುತ್ತವೆ. ನನ್ನ ಮಟ್ಟಿಗೆ ಅವೆಲ್ಲವನ್ನೂ ಈ ಮೂರು ವರ್ಷಗಳು ಹೇಳುತ್ತವೆ. ತನ್ನ ಅಧಿಕಾರವನ್ನು ನಿಯಮಗಳಿಗೂ ಜೊತೆಗಾರರಿಗೂ ಮೊದಲ ದಿನದಿಂದಲೇ ಹಂಚಿಬಿಟ್ಟವನು ಮಾತ್ರ ಹಾಗೆ ಹೋಗಬಲ್ಲ.

ಆ ಕಾಲದಲ್ಲಿ ಬ್ಯಾಂಕು ನಡೆಸುವುದೆಂದರೆ ಎಂಥ ಅಪಾಯದ ಕೆಲಸವಾಗಿತ್ತು ಎಂಬುದು ತಿಳಿಯದಿದ್ದರೆ ಇವರ ಸಾಧನೆ ಅರ್ಥವಾಗುವುದಿಲ್ಲ. ಕೆನರಾ ಫಂಡ್ ತೆರೆದ ನಾಲ್ಕೇ ತಿಂಗಳಲ್ಲಿ, 1906ರ ಅಕ್ಟೋಬರಿನಲ್ಲಿ, ಮದ್ರಾಸಿನ ಆರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಪ್ರಾಂತ್ಯದಲ್ಲೇ ದೊಡ್ಡ ಹೆಸರಿನ ಬ್ರಿಟಿಷ್ ವ್ಯಾಪಾರ ಸಂಸ್ಥೆ ಅದು. ಪಿಂಚಣಿದಾರರು, ಗುಮಾಸ್ತರು, ಜೀವನವಿಡೀ ಕೂಡಿಟ್ಟವರು ಅದರಲ್ಲಿ ಠೇವಣಿ ಇಟ್ಟಿದ್ದರು. ಅವರ ಹಣ ಲಂಡನ್ನಿನ ಪಾಲುದಾರನೊಬ್ಬನ ಸಟ್ಟಾ ವ್ಯವಹಾರಗಳಲ್ಲಿ ಕರಗಿಹೋಗಿತ್ತು. ಯಜಮಾನ ಸರ್ ಜಾರ್ಜ್ ಆರ್ಬತ್‌ನಾಟ್ ಜೈಲು ಸೇರಿದರು. ಏಳು ವರ್ಷಗಳ ಬಳಿಕ, 1913ರಲ್ಲಿ, ಬೊಂಬಾಯಿಯ ಇಂಡಿಯನ್ ಸ್ಪೀಸಿ ಬ್ಯಾಂಕು ಬೆಳ್ಳಿಯ ಸಟ್ಟಾದಲ್ಲಿ ಮುಳುಗಿತು. ಆಗ ರಿಸರ್ವ್ ಬ್ಯಾಂಕ್ ಇರಲಿಲ್ಲ, ಅದು ಬಂದದ್ದು 1935ರಲ್ಲಿ. ಠೇವಣಿಗೆ ವಿಮೆ ಬಂದದ್ದು 1962ರಲ್ಲಿ. ಬ್ಯಾಂಕಿನಲ್ಲಿ ಹಣ ಇಡುವವನಿಗೆ ಆಸರೆ ಒಂದೇ, ಬ್ಯಾಂಕು ನಡೆಸುವವನ ನಡತೆ.

ಮುಳುಗಿದ ಈ ಸಂಸ್ಥೆಗಳ ಯಜಮಾನರು ಬುದ್ಧಿವಂತರೇ. ಧೈರ್ಯವಂತರೂ ಹೌದು. ಪುಸ್ತಕದಲ್ಲಿ ನಾಯಕನಿಗೆ ಹೇಳುವ ಗುಣಗಳು ಬಹುತೇಕ ಅವರಲ್ಲಿದ್ದವು. ಕೊರತೆಯಿದ್ದದ್ದು ಬೇರೆ ಕಡೆ. ಹಣ ಯಾರದು ಎಂಬುದು ಅವರ ಕಣ್ಣ ಮುಂದೆ ಇರಲಿಲ್ಲ. ಮದ್ರಾಸಿನ ಪಿಂಚಣಿದಾರನ ಮುಖ ಲಂಡನ್ನಿನ ಕಚೇರಿಗೆ ಕಾಣುವುದು ಸಾಧ್ಯವಿರಲಿಲ್ಲ. ಕರಾವಳಿಯ ಬ್ಯಾಂಕುಗಳ ನಿರ್ದೇಶಕರಾದರೋ ಠೇವಣಿದಾರರ ಜೊತೆ ಒಂದೇ ರಥಬೀದಿಯಲ್ಲಿ ಓಡಾಡಬೇಕಿತ್ತು, ಒಂದೇ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಿತ್ತು. ಆ ಸಾಮೀಪ್ಯ ತಾನಾಗಿ ಒದಗಿಬಂದದ್ದು, ನಿಜ. ಊರು ಬಿಟ್ಟು ಬೆಳೆಯುವಾಗಲೂ ಅದನ್ನು ಕಳೆದುಕೊಳ್ಳದಂತೆ ವ್ಯವಸ್ಥೆ ಕಟ್ಟಿದ್ದು ನಾಯಕತ್ವ. ಆ ವ್ಯವಸ್ಥೆಯ ಬಗ್ಗೆಯೇ ನಾನು ಇಂದು ಹೆಚ್ಚು ಮಾತಾಡಬೇಕೆಂದು ಬಂದಿರುವುದು.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ. ವಾಮನ ಶ್ರೀನಿವಾಸ ಕುಡ್ವ ಎಂಜಿನಿಯರ್. ಟಿ.ಎಂ.ಎ. ಪೈ ವೈದ್ಯರು, ಆಗಿನ್ನೂ ಇಪ್ಪತ್ತೇಳು ವರ್ಷ. ಕೈಮಗ್ಗದ ಉದ್ಯಮ ಕುಸಿದು ಜಿಲ್ಲೆಯ ನೇಕಾರರು ಕಂಗಾಲಾಗಿದ್ದ ಕಾಲ. ಅವರಿಗೆ ಬಂಡವಾಳ ಒದಗಿಸಬೇಕು, ಆ ಬಂಡವಾಳ ಊರವರ ಸಣ್ಣ ಉಳಿತಾಯದಿಂದಲೇ ಬರಬೇಕು ಎಂಬುದು ಉದ್ದೇಶ. ವ್ಯಾಪಾರಿ, ಎಂಜಿನಿಯರ್, ವೈದ್ಯ ಎಂಬ ಈ ಜೋಡಣೆ ನನಗೆ ಬಹಳ ಇಷ್ಟ. ವ್ಯಾಪಾರಿಗೆ ಹಣದ ಓಟ ಗೊತ್ತು. ಎಂಜಿನಿಯರ್‌ಗೆ ಯಂತ್ರ ಹೇಗೆ ನಡೆಯುತ್ತದೆ ಎಂಬುದು ಗೊತ್ತು. ವೈದ್ಯನಿಗೆ ಮನೆಯೊಳಗಿನ ಸ್ಥಿತಿ ಗೊತ್ತು, ಯಾರು ಔಷಧಿಗೂ ಸಾಲ ಮಾಡುತ್ತಾರೆ ಎಂಬುದೂ ಗೊತ್ತು.

ಮೂರು ವರ್ಷಗಳ ಬಳಿಕ, 1928ರಲ್ಲಿ, ಅವರು ಪಿಗ್ಮಿ ಠೇವಣಿ ಆರಂಭಿಸಿದರು. ಕರಾವಳಿಯಲ್ಲಷ್ಟೇ ಅಲ್ಲ, ಇಡೀ ಕರ್ನಾಟಕದಲ್ಲಿ ‘ಪಿಗ್ಮಿ ಕಟ್ಟುವುದು’ ಎಂಬುದು ಇಂದು ಮನೆಮಾತು. ಯಾವ ಪತ್ತಿನ ಸಹಕಾರ ಸಂಘಕ್ಕೆ ಹೋದರೂ ಪಿಗ್ಮಿ ಇದೆ. ಹಾಗಾಗಿ ಅದು ಯಾವಾಗಲೂ ಇತ್ತು ಎಂದೇ ನಮಗೆ ಅನಿಸುತ್ತದೆ. ಇರಲಿಲ್ಲ. ಯಾರೋ ಕೂತು ಯೋಚಿಸಿ ಮಾಡಿದ್ದು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವನೇ ನಿಮ್ಮ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ.

ಇದರ ಲೆಕ್ಕ ಹಾಕಿ ನೋಡೋಣ. ಎರಡಾಣೆಯಂತೆ ವರ್ಷದ 365 ದಿನವೂ ಕಟ್ಟಿದರೆ 45 ರೂಪಾಯಿ 10 ಆಣೆ. ಏಳು ವರ್ಷ ಬಿಡದೆ ಕಟ್ಟಿದರೆ ಬಡ್ಡಿ ಬಿಟ್ಟು 319 ರೂಪಾಯಿ 6 ಆಣೆ. ಕೂಲಿಯವರ ಮನೆಗೆ ಆ ಕಾಲದಲ್ಲಿ ಅದು ಮಗಳ ಮದುವೆಯ ಹಣ, ಸೋರುವ ಮಾಡಿಗೆ ಹೆಂಚು ಹೊದಿಸುವ ಹಣ. ಇನ್ನು ಬ್ಯಾಂಕಿನ ಕಡೆಯಿಂದ ನೋಡಿ. ಹೀಗೆ ಮನೆಮನೆಗೆ ಹೋಗಿ ಹಣ ತರುವ ಕಲೆಕ್ಟರನಿಗೆ ನೂರಕ್ಕೆ ಮೂರರಂತೆ ಕಮಿಷನ್ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಎರಡಾಣೆ ಎಂದರೆ 24 ಪೈ, ಅವನಿಗೆ ಒಂದು ಪೈ ಕೂಡ ದಕ್ಕುವುದಿಲ್ಲ. ಒಂದು ಮನೆಗೆ ಹೋಗಿ ಬರುವುದಾದರೆ ಚಪ್ಪಲಿ ಸವೆದ ಖರ್ಚೂ ಹುಟ್ಟದು. ಯಾವ ಲೆಕ್ಕಿಗನನ್ನು ಕೇಳಿದ್ದರೂ ಈ ಯೋಜನೆ ಬೇಡ ಎನ್ನುತ್ತಿದ್ದ.

ಆದರೆ ಇಡೀ ಬೀದಿಯನ್ನೇ ಹಿಡಿದರೆ ಲೆಕ್ಕ ಬದಲಾಗುತ್ತದೆ. ಒಂದೇ ಓಣಿಯಲ್ಲಿ ಐವತ್ತು ಬಾಗಿಲು, ಪೇಟೆಯ ಸಾಲಿನಲ್ಲಿ ನೂರು ಅಂಗಡಿ. ಕಲೆಕ್ಟರನ ನಡಿಗೆ ಅಷ್ಟೇ, ಸಂಗ್ರಹ ನೂರ್ಮಡಿ. ದೊಡ್ಡ ಕುಳದ ಠೇವಣಿ ಒಂದೇ ಪತ್ರದಲ್ಲಿ ಬರುತ್ತದೆ, ಒಂದು ವದಂತಿ ಎದ್ದರೆ ಒಂದೇ ಚೆಕ್ಕಿನಲ್ಲಿ ಹೋಗುತ್ತದೆ. ಸಾವಿರ ಜನರ ಪಿಗ್ಮಿ ಹಾಗೆ ಒಟ್ಟಿಗೆ ಹೋಗುವುದಿಲ್ಲ. ಪ್ರತಿ ಸಂಜೆ ಮನೆ ಬಾಗಿಲಿಗೆ ಬರುವ ಪರಿಚಿತ ಮುಖವೇ ವದಂತಿಗೆ ಉತ್ತರ. ಬಡವರಿಗೆ ಉಪಕಾರ ಎಂದು ಆರಂಭಿಸಿದ್ದು ಬ್ಯಾಂಕಿಗೇ ಗಟ್ಟಿ ಅಡಿಪಾಯವಾಯಿತು. ಸೇವೆ ಬೇರೆ, ವ್ಯವಹಾರ ಬೇರೆ ಎಂದು ಎರಡು ಖಾತೆ ಇಡುವವರಿಗೆ ಈ ಒಳಲೆಕ್ಕ ಕಾಣುವುದಿಲ್ಲ.

ಇನ್ನೂ ಒಂದು ಲಾಭವಿತ್ತು. ಅದನ್ನು ಯಾವ ಬ್ಯಾಲೆನ್ಸ್ ಶೀಟೂ ತೋರಿಸುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕರಾವಳಿಯ ಒಂದು ಪೇಟೆಯಲ್ಲಿ, ಹಿರಿಯ ಪಿಗ್ಮಿ ಕಲೆಕ್ಟರ್ ಒಬ್ಬರ ಜೊತೆ ನಾನು ಸಂಜೆಯ ಸುತ್ತು ಹೋಗಿದ್ದೆ. ಬಗಲಲ್ಲಿ ಕ್ಯಾನ್ವಾಸ್ ಚೀಲ, ಕಿವಿಯ ಸಂದಿಯಲ್ಲಿ ಪೆನ್ನು. ಹೂವಿನವಳು ಮಲ್ಲಿಗೆಯ ಅಟ್ಟೆಯ ಅಡಿಯಿಂದ ಕಾರ್ಡು ತೆಗೆದು ಕೊಟ್ಟಳು. ಅವರು ನಾಣ್ಯ ಎಣಿಸಿ, ಅವಳೆದುರೇ ಕಾರ್ಡಿನಲ್ಲಿ ತಾರೀಖು ಹಾಕಿ ಮೊತ್ತ ಬರೆದು ಸಹಿ ಮಾಡಿ, ಕಾರ್ಡನ್ನು ಅವಳ ಕೈಗೆ ಕೊಟ್ಟ ಮೇಲೆಯೇ ಹಣವನ್ನು ಚೀಲಕ್ಕೆ ಹಾಕಿದರು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಆ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು, ಒಂದು ಹೆಜ್ಜೆ ಹಿಂದುಮುಂದಾದರೂ ಕೇಳುತ್ತಿದ್ದಳು. ಕ್ಷೌರದಂಗಡಿಯಲ್ಲಿ ಗಿರಾಕಿಯ ಗಲ್ಲದ ಮೇಲಿನ ಸೋಪು ಒಣಗುವ ಮುನ್ನ ಕೆಲಸ ಮುಗಿಯಿತು. ಹೋಟೆಲಿನ ಹಿಂಬಾಗಿಲಲ್ಲಿ ದೋಸೆ ಹೊಯ್ಯುವ ಭಟ್ಟರು ಕೈ ಒರೆಸಿಕೊಂಡು ಬಂದರು. ಆಮೇಲೆ ದರ್ಜಿಯ ಅಂಗಡಿ. ದರ್ಜಿ ತಲೆಯೆತ್ತದೆ ‘ನಾಳೆ ಕೊಡ್ತೇನೆ ಮಾರಾಯ್ರೆ’ ಎಂದ. ಕಲೆಕ್ಟರ್ ‘ಆಯ್ತು’ ಎಂದು ಮುಂದೆ ನಡೆದರು, ಒಂದು ಮಾತೂ ಒತ್ತಾಯ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಶಾಖೆಗೆ ಹಣ ಕಟ್ಟಲು ಬಂದಾಗ ಅವರು ಮ್ಯಾನೇಜರ್ ಹತ್ತಿರ ನಿಂತು ಹೇಳಿದರು: ದರ್ಜಿ ವಾರದಿಂದ ಕಟ್ಟಿಲ್ಲ, ಎರಡು ಮಿಷನಿನಲ್ಲಿ ಒಂದು ಹಾಳಾಗಿದೆ, ಶಾಲೆ ತೆರೆಯುವ ಹೊತ್ತು, ಯೂನಿಫಾರ್ಮಿನ ಬಟ್ಟೆ ರಾಶಿ ಬಿದ್ದಿದೆ. ಮ್ಯಾನೇಜರ್ ದರ್ಜಿಯನ್ನು ಕರೆಸಿ, ಅವನ ಪಿಗ್ಮಿಯ ಮೇಲೆಯೇ ಸಾಲ ಕೊಟ್ಟು ಮಿಷನ್ ರಿಪೇರಿ ಮಾಡಿಸಿದರು. ಸಾಲದ ಅರ್ಜಿ ಬರುವ ಮೊದಲೇ ಸಾಲಗಾರನ ಸ್ಥಿತಿ ಗೊತ್ತಿರುವ ಬ್ಯಾಂಕು ಎಂದರೆ ಅದು. ಇಂದು ಇದೇ ತಿಳಿವಳಿಕೆಗಾಗಿ ಕಂಪನಿಗಳು ಕೋಟಿಗಟ್ಟಲೆ ಕೊಟ್ಟು ದತ್ತಾಂಶ ಕೊಳ್ಳುತ್ತವೆ. ಆ ಹಿರಿಯರ ಬಳಿ ಅದು ನಡಿಗೆಯಿಂದಲೇ ಬಂದಿತ್ತು. ಅದು ಮ್ಯಾನೇಜರ್‌ವರೆಗೆ ತಲುಪಿದ್ದು, ಕಲೆಕ್ಟರ್ ಹೇಳುವಾಗ ಮ್ಯಾನೇಜರ್ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿಸಿಕೊಂಡದ್ದರಿಂದ. ಬೀದಿಯ ಸುದ್ದಿ ಮೇಲಕ್ಕೆ ಹೋಗಲು ಒಂದು ಬಾಗಿಲು ತೆರೆದಿರಬೇಕು. ಎಷ್ಟೋ ಸಂಸ್ಥೆಗಳಲ್ಲಿ ಅದನ್ನು ಮುಚ್ಚುವವನು ನಾಯಕನೇ.

ಶಾಖೆಯೊಳಗಿನ ಶಿಸ್ತಿನ ಬಗ್ಗೆಯೂ ಹೇಳಬೇಕು. ಕಂಪ್ಯೂಟರ್ ಬರುವ ಮೊದಲು ದಿನದ ಲೆಕ್ಕ ಟ್ಯಾಲಿಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಂದು ಮಳೆಗಾಲದ ಸಂಜೆ 27 ಪೈಸೆ ವ್ಯತ್ಯಾಸ ಬಂತು. ಕೊನೆಯ ಬಸ್ಸಿನ ಹೊತ್ತು. ಹೊಸಬನೊಬ್ಬ ಜೇಬಿನಿಂದ ಚಿಲ್ಲರೆ ತೆಗೆದು, ‘ನಾನೇ ಹಾಕಿಬಿಡುತ್ತೇನೆ ಸಾರ್’ ಎಂದ. ಮ್ಯಾನೇಜರ್ ಬೈಯಲಿಲ್ಲ. ತಾವೂ ಒಂದು ಲೆಡ್ಜರ್ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತರು. ಈ 27 ಪೈಸೆ ಒಂದೇ ತಪ್ಪೋ, ಅಥವಾ ಒಂದನ್ನೊಂದು ಹೊಡೆದುಹಾಕಿ ಉಳಿದ ಎರಡು ದೊಡ್ಡ ತಪ್ಪುಗಳ ಶೇಷವೋ ಹುಡುಕದೆ ಗೊತ್ತಾಗುವುದಿಲ್ಲ ಎಂದರು. ಹಿರಿಯ ಗುಮಾಸ್ತರೊಬ್ಬರು, ಇಪ್ಪತ್ತೇಳು ಒಂಬತ್ತರಿಂದ ಭಾಗವಾಗುತ್ತದೆ, ಎಲ್ಲೋ ಅಂಕಿ ಅದಲುಬದಲಾಗಿದೆ, ಅದನ್ನೇ ನೋಡಿ ಎಂದರು. ಅರ್ಧ ಗಂಟೆಯಲ್ಲಿ ಸಿಕ್ಕಿತು. ಬಡ್ಡಿಯ ಕಲಮಿನಲ್ಲಿ 63 ಪೈಸೆ ಇದ್ದದ್ದನ್ನು 36 ಎಂದು ಬರೆದಿದ್ದರು. ಅದು ಒಬ್ಬ ಉಳಿತಾಯ ಖಾತೆದಾರಳ ಬಡ್ಡಿ. ಅವಳು ಅದನ್ನು ಎಂದೂ ಪತ್ತೆಹಚ್ಚುತ್ತಿರಲಿಲ್ಲ.

ಗುಣಮಟ್ಟದ ಬಗ್ಗೆ ನಾನು ಕೇಳಿದ ತರಬೇತಿಗಳೆಲ್ಲ ಈ ಅರ್ಧ ಗಂಟೆಯ ವಿವರಣೆಯಂತೆಯೇ ನನಗೆ ಕಾಣುತ್ತವೆ. ತಪ್ಪನ್ನು ಮುಚ್ಚಬೇಡ, ತಪ್ಪಿನ ಮೂಲಕ್ಕೆ ಹೋಗು, ಗಿರಾಕಿಗೆ ಗೊತ್ತಾಗದಿದ್ದರೂ ಸರಿಪಡಿಸು ಎಂಬುದನ್ನು ಬಾಯಲ್ಲಿ ಹೇಳುವುದು ಸುಲಭ. ಕೊನೆಯ ಬಸ್ಸು ತಪ್ಪುವ ಹೊತ್ತಿನಲ್ಲಿ ಮ್ಯಾನೇಜರ್ ತಾನೇ ಲೆಡ್ಜರ್ ಹಿಡಿದು ಕೂತರೆ ಹುಡುಗರಿಗೆ ಅದು ನಿಜವಾದ ನಿಯಮ ಎಂದು ಗೊತ್ತಾಗುತ್ತದೆ. ಮ್ಯಾನೇಜರ್ ಅಂದು ಎದ್ದುಹೋಗಿದ್ದರೆ, ನಿಯಮ ಪುಸ್ತಕದಲ್ಲಿ ಉಳಿದು ಜೇಬಿನ ಚಿಲ್ಲರೆ ಪದ್ಧತಿಯಾಗುತ್ತಿತ್ತು.

ಈ ಅಡಿಪಾಯದ ಮೇಲೆ ಸಿಂಡಿಕೇಟ್ ಬೆಳೆದ ವೇಗ ದೊಡ್ಡದು. ಮೊದಲ ಶಾಖೆ 1928ರಲ್ಲಿ ಬ್ರಹ್ಮಾವರದಲ್ಲಿ. 1946ರಲ್ಲಿ ಒಂದೇ ದಿನ 29 ಗ್ರಾಮೀಣ ಶಾಖೆಗಳು. ಹಳ್ಳಿಗೆ ಬ್ಯಾಂಕು ಹೋಗಬೇಕು ಎಂದು ಸರ್ಕಾರ ಹೇಳುವ ಎಷ್ಟೋ ಮೊದಲೇ ಅದು ಹೋಗಿಯಾಗಿತ್ತು. ಟಿ.ಎಂ.ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ್ದು, ಅಲ್ಲೊಂದು ಊರನ್ನೇ ಎಬ್ಬಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಹೊಗಳಿಕೆಯಲ್ಲೇ ನಿಂತುಬಿಟ್ಟರೆ ಈ ವೇದಿಕೆಗೆ ನ್ಯಾಯವಾಗುವುದಿಲ್ಲ. ಪಿಗ್ಮಿಯ ಇಡೀ ಕಟ್ಟಡ ಕಲೆಕ್ಟರನ ಕಾಲಿನ ಮೇಲೆ ನಿಂತಿತ್ತು. ಬ್ಯಾಂಕಿನ ಹೆಸರನ್ನು ಮನೆಮನೆಗೆ ಒಯ್ದವನು ಅವನು. ಆದರೆ ಅವನು ಬ್ಯಾಂಕಿನ ನೌಕರನಾಗಿರಲಿಲ್ಲ. ಸಂಬಳವಿಲ್ಲ, ಕಮಿಷನ್ ಮಾತ್ರ. ಜ್ವರ ಬಂದರೆ ಆ ದಿನದ ಗಳಿಕೆ ಇಲ್ಲ. ಮುಪ್ಪಿಗೆ ಪಿಂಚಣಿ ಇಲ್ಲ. ಊರಿಗೆಲ್ಲ ಉಳಿತಾಯ ಕಲಿಸಿದವನ ಸ್ವಂತ ನಾಳೆಗೆ ಭದ್ರತೆ ಇರಲಿಲ್ಲ. ಇವರು ನೌಕರರೇ ಅಲ್ಲ, ಸ್ವತಂತ್ರ ಏಜೆಂಟರು, ಬೇರೆ ಕೆಲಸವನ್ನೂ ಮಾಡಬಹುದು ಎಂಬುದು ಬ್ಯಾಂಕುಗಳ ವಾದ. ವರ್ಷಗಟ್ಟಲೆ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರ ಹೆಸರಿನಲ್ಲೇ ಇರುವ ಆ ಪ್ರಕರಣದಲ್ಲಿ 2001ರಲ್ಲಿ ನ್ಯಾಯಾಲಯ ಠೇವಣಿ ಸಂಗ್ರಾಹಕರು ಕಾರ್ಮಿಕರೇ ಎಂದು ಹೇಳಿತು, ಅವರ ಕಮಿಷನ್ ವೇತನವೇ ಎಂದು ಒಪ್ಪಿತು. ಕಾಯಂ ನೌಕರರ ಸ್ಥಾನವಂತೂ ಸಿಗಲಿಲ್ಲ. 1928ರಿಂದ 2001 ಎಂದರೆ ಎಪ್ಪತ್ತಮೂರು ವರ್ಷ. ಬ್ಯಾಂಕುಗಳು ಆ ಹೊತ್ತಿಗೆ ಸರ್ಕಾರದ ಸ್ವತ್ತಾಗಿ ಮೂರು ದಶಕ ಕಳೆದಿತ್ತು, ಹಾಗಾಗಿ ತಪ್ಪನ್ನು ಸ್ಥಾಪಕರ ತಲೆಗೇ ಕಟ್ಟುವುದು ಸರಿಯಲ್ಲ. ಆದರೂ ಹೂವಿನವಳನ್ನು ಕಂಡ ಕಣ್ಣು ಅವಳ ಬಳಿಗೆ ದಿನವೂ ನಡೆದು ಹೋಗುವವನನ್ನು ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಇಂದು ಬೈಕಿನ ಮೇಲೆ ಊಟ, ಔಷಧಿ, ತರಕಾರಿ ಹೊತ್ತು ತರುವ ಹುಡುಗರ ಬಗ್ಗೆ ಕಂಪನಿಗಳು ಹೇಳುವ ಮಾತು ಅಕ್ಷರಶಃ ಅದೇ ವಾದ. ಅವರನ್ನೂ ಎಪ್ಪತ್ತಮೂರು ವರ್ಷ ಕಾಯಿಸಬೇಕೇ ಎಂದು ಇಲ್ಲಿ ಕುಳಿತಿರುವ ನಾಳೆಯ ಉದ್ಯಮಿಗಳನ್ನು ನಾನು ನೇರವಾಗಿ ಕೇಳುತ್ತೇನೆ.

ಬಾಗಿಲಿಗೆ ಹೋಗುವುದೇ ದೊಡ್ಡ ಗುಣವಲ್ಲ ಎಂಬುದನ್ನು ನಾವು ಈಚೆಗೆ ನೋಡಿದೆವು. ಮೈಕ್ರೋಫೈನಾನ್ಸ್ ಸಾಲ ವಸೂಲಿಗೆ ಬರುವವರ ಕಿರುಕುಳ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಕರ್ನಾಟಕದ ಒಂದೊಂದೇ ಜಿಲ್ಲೆಯಿಂದ ಬಂದವು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅದೇ ಓಣಿ, ಅದೇ ಬಾಗಿಲು, ಚೀಲ ಹೊತ್ತು ಬರುವವನೂ ಅಂಥದೇ ಬಡ ಮನೆಯ ಹುಡುಗ. ಒಬ್ಬ ಬಂದರೆ ಕಾರ್ಡು ಹಿಡಿದು ಹೊರಗೆ ಬರುತ್ತಿದ್ದರು, ಇನ್ನೊಬ್ಬ ಬಂದರೆ ಒಳಗಿನಿಂದ ಚಿಲಕ ಹಾಕುತ್ತಾರೆ. ವ್ಯತ್ಯಾಸ ಆ ಹುಡುಗನಲ್ಲಿಲ್ಲ. ಪಿಗ್ಮಿಯವನಿಗೆ ‘ನಾಳೆ’ ಎಂದರೆ ಮುಂದೆ ಹೋಗುವ ಅವಕಾಶವಿತ್ತು. ಈತನಿಗೆ ಬರಿಗೈಯಲ್ಲಿ ಆಫೀಸಿಗೆ ಮರಳುವ ಅವಕಾಶವನ್ನೇ ಕೊಟ್ಟಿಲ್ಲ. ತಿಂಗಳ ಟಾರ್ಗೆಟ್ ಬರೆಯುವ ಕೋಣೆಯಲ್ಲಿ ಕೂತವನು ಆ ಬಾಗಿಲ ಮುಂದೆ ಏನು ನಡೆಯಬೇಕೆಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾನೆ. ಒಂದು ಅಂಕಿ ಬರೆದು ಕೆಳಗೆ ಕಳಿಸುವ ಮುನ್ನ, ಆ ಅಂಕಿಯನ್ನು ಮುಟ್ಟಲು ಕೊನೆಯ ಮೆಟ್ಟಿಲಲ್ಲಿರುವವನು ಯಾವ ಮಾತು ಆಡಬೇಕಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿ ನೋಡಿಕೊಳ್ಳಿ. ಆ ಮಾತನ್ನು ಸ್ವತಃ ಆಡಲು ನಿಮಗೆ ನಾಚಿಕೆಯಾದರೆ ಅಂಕಿಯನ್ನು ಬದಲಿಸಿ. ನಾನು ಮ್ಯಾನೇಜರಾಗಿದ್ದ ಕಾಲದಲ್ಲಿ ಕಲಿತದ್ದರಲ್ಲಿ ಹೊಸಬರಿಗೆ ಹೇಳಬಹುದಾದ ಅತ್ಯಂತ ಉಪಯುಕ್ತ ಸಂಗತಿ ಇದೇ.

ಯುಪಿಐ ಬಂದ ಮೇಲೆ ಹೂವಿನವಳ ಬುಟ್ಟಿಯ ಮೇಲೂ ಕ್ಯೂಆರ್ ಕೋಡ್ ಬಂದಿದೆ. ಹತ್ತು ರೂಪಾಯಿ ಯಾವ ಖರ್ಚೂ ಇಲ್ಲದೆ ಅವಳ ಖಾತೆಗೆ ಹೋಗುತ್ತದೆ. ಇದು ದೊಡ್ಡ ಅನುಕೂಲ, ಇದನ್ನು ಹಳಿಯುವವರ ಜೊತೆ ನಾನಿಲ್ಲ. ಆದರೆ ಅವಳು ಮೂರು ದಿನ ಬುಟ್ಟಿ ಇಡದಿದ್ದರೆ ಯಾಕೆ ಎಂದು ಕೇಳುವವರು ಆ ವ್ಯವಸ್ಥೆಯಲ್ಲಿ ಇಲ್ಲ. ಕೇಳುವವರನ್ನು ಮತ್ತೆ ಅದರೊಳಗೆ ತರುವುದು ಹೇಗೆ ಎಂಬುದು ನಿಮ್ಮ ಪೀಳಿಗೆಯ ಬ್ಯಾಂಕಿಂಗ್ ಸಮಸ್ಯೆ. ಅದನ್ನು ಬಿಡಿಸಿದವರು ಹೊಸ ಪಿಗ್ಮಿಯನ್ನೇ ಕಂಡುಹಿಡಿದಂತೆ.

ಮೊದಲು ಹೆಸರಿಸಿದ ಐದು ಬ್ಯಾಂಕುಗಳಿಗೆ ಮರಳುತ್ತೇನೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಐದು ಹೆಸರುಗಳಲ್ಲಿ ಈಗ ಉಳಿದದ್ದು ಕೆನರಾ ಮತ್ತು 2024ರಲ್ಲಿ ನೂರು ವರ್ಷ ಪೂರೈಸಿದ ಕರ್ಣಾಟಕ ಬ್ಯಾಂಕ್. ವಿಲೀನ ಸರಿಯೋ ತಪ್ಪೋ ಎಂಬ ಚರ್ಚೆಗೆ ಇಂದು ಇಳಿಯುವುದಿಲ್ಲ. ಶಾಖೆಗಳು ಒಂದಾಗುವಾಗ ಹಳೆಯ ಲೆಡ್ಜರುಗಳು, ಪಿಗ್ಮಿ ರಿಜಿಸ್ಟರುಗಳು, ನಿರ್ದೇಶಕ ಮಂಡಳಿಯ ನಡಾವಳಿ ಪುಸ್ತಕಗಳು ಎಲ್ಲಿ ಹೋಗುತ್ತವೆ ಎಂಬುದೇ ನನ್ನ ಚಿಂತೆ. ವಾಣಿಜ್ಯ ಶಾಸ್ತ್ರವನ್ನು ಕನ್ನಡದ ನೆಲದಿಂದ ಕಲಿಸಲು ಅವುಗಳಿಗಿಂತ ಒಳ್ಳೆಯ ಪಠ್ಯ ನಮಗಿಲ್ಲ. ನಿಮ್ಮ ವಿಶ್ವವಿದ್ಯಾಲಯ ಬ್ಯಾಂಕುಗಳಿಗೆ ಪತ್ರ ಬರೆದು, ಕಾನೂನು ಒಪ್ಪುವಷ್ಟನ್ನು ಕೇಳಿ ಪಡೆಯಲಿ.

ಕಾಗದಕ್ಕಿಂತ ತುರ್ತಾದದ್ದು ಮನುಷ್ಯರು. ಎಪ್ಪತ್ತರ, ಎಂಬತ್ತರ ದಶಕದಲ್ಲಿ ಪಿಗ್ಮಿ ಸಂಗ್ರಹಿಸಿದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ, ವಯಸ್ಸು ಎಂಬತ್ತರ ಆಸುಪಾಸು. ವಾಣಿಜ್ಯ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ತಮ್ಮ ಊರಿನಲ್ಲಿ ಒಬ್ಬೊಬ್ಬರನ್ನು ಹುಡುಕಿ ಮಾತಾಡಿಸಲಿ. ಯಾವ ಬೀದಿಯಿಂದ ಸುತ್ತು ಶುರುಮಾಡುತ್ತಿದ್ದಿರಿ, ಯಾಕೆ? ಒಂದು ದಿನವೂ ತಪ್ಪಿಸದೆ ಕಟ್ಟಿದವರು ಯಾರು? ಮಳೆ ಹಿಡಿದ ದಿನ ಏನು ಮಾಡುತ್ತಿದ್ದಿರಿ? ಮನೆಗಳಲ್ಲಿ ಕಂಡದ್ದರಲ್ಲಿ ಮ್ಯಾನೇಜರ್‌ಗೆ ಏನು ಹೇಳುತ್ತಿದ್ದಿರಿ, ಏನನ್ನು ಹೇಳದೆ ಇಟ್ಟುಕೊಳ್ಳುತ್ತಿದ್ದಿರಿ? ಹೀಗೆ ಕೇಳಿ, ಅವರು ಹೇಳಿದಂತೆಯೇ ಬರೆದು, ವಿಭಾಗದ ಗ್ರಂಥಾಲಯದಲ್ಲಿ ಇಡಿ. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಪ್ರತಿವರ್ಷ ಇದಕ್ಕೆ ಬಳಸಲು ಒಪ್ಪಬೇಕೆಂದು ದತ್ತಿ ಕುಟುಂಬದವರಲ್ಲಿ ಕೇಳಿಕೊಳ್ಳುತ್ತೇನೆ. ಇಂದಿನ ಉಪನ್ಯಾಸಕ್ಕೆ ನನಗೆ ಸಲ್ಲುವ ಗೌರವಧನವನ್ನು ಮೊದಲ ಕಂತಾಗಿ ಅಲ್ಲಿಗೇ ಜಮಾ ಮಾಡಿಕೊಳ್ಳಿ.